ಮೂರು ಲೀಟರ್ ಕುಡಿದು ಬೀಗರ ಮನೆಗೆ

ಒಂದು ಹಿಡಿ ಹತ್ತಿಯನ್ನು ಬೆರಳಲ್ಲಿ ಹಿಸುಕಿ ಅದರಲ್ಲಿ ತೇವ ಎಷ್ಟಿದೆ ಎಂದು ಹೇಳಬಲ್ಲವನೇ ಹತ್ತಿ ದಲ್ಲಾಳಿ. ಆದೋನಿಯ ಮಂಡಿಯಲ್ಲಿ ಮೂವತ್ತು ವರ್ಷದಿಂದ ನಾನು ಇದೇ ಕೆಲಸ ಮಾಡಿ ಅನ್ನ ತಿಂದಿದ್ದೇನೆ. ಇಂಥ ನಾನು, ನನ್ನದೇ ದೇಹದಲ್ಲಿ ನೀರು ಎಷ್ಟಿದೆ ಎಂಬುದು ತಿಳಿಯದೆ ಎರಡು ಸಲ ಮಾನ ಕಳೆದುಕೊಂಡೆ. ಒಂದು ಸಲ ನೀರು ಕಡಿಮೆಯಾಗಿ, ಇನ್ನೊಂದು ಸಲ ಹೆಚ್ಚಾಗಿ. ಮೊದಲನೆಯ ಸಲ ಹೋದದ್ದು ನನ್ನ ಮಾನ ಮಾತ್ರ. ಎರಡನೆಯ ಸಲ ಮಗಳ ಮದುವೆಯೂ ಅದರ ಹಿಂದೆಯೇ ಹೊರಟಿತ್ತು.

ಎಲ್ಲಕ್ಕೂ ಮೂಲ ಡಾಕ್ಟರು. ಅವರು ಮೊದಲು ನನ್ನ ಸಕ್ಕರೆಯ ರಿಪೋರ್ಟು ನೋಡಿದರು, ಆಮೇಲೆ ನನ್ನ ಹೊಟ್ಟೆ ನೋಡಿದರು, "ನಡೀರಿ, ಇಲ್ಲಾಂದ್ರ ಸೈಕಲ್ ಹೊಡೀರಿ" ಅಂದರು. ನಮ್ಮೂರಲ್ಲಿ ನಡೆಯುವುದು ಅಪಾಯ. ಹತ್ತು ಹೆಜ್ಜೆಗೊಬ್ಬರು ಪರಿಚಯದವರು ಸಿಕ್ಕಿ ಮಿರ್ಚಿ ಬಜ್ಜಿ ತಿನ್ನಿಸುತ್ತಾರೆ. ಆದ್ದರಿಂದ ಸೈಕಲ್ ಕೊಂಡೆ. ಜೊತೆಗೆ ನಮ್ಮ ಬೀದಿಯ ಆಚಾರ್ಯರು ಸಿಕ್ಕರು. ಅವರು ನಿವೃತ್ತ ಗಣಿತದ ಮೇಷ್ಟ್ರು, ಜೋಳದ ದಂಟಿನಂತಹ ಮೈ. ಏಕಾದಶಿಯ ದಿನ ಹನಿ ನೀರು ಮುಟ್ಟುವವರಲ್ಲ, ಉಳಿದ ದಿನಗಳಲ್ಲೂ ಅವರಿಗೆ ನೀರಿನ ಬಗ್ಗೆ ಅಂಥ ಗೌರವವೇನಿಲ್ಲ. "ನೀರು ಕುಡಿದು ಸೈಕಲ್ ಹೊಡೆದ್ರ ಹೊಟ್ಟ್ಯಾಗ ತುಂಬಿದ ಕೊಡ ಕುಣಿದಂಗ ಆಗ್ತದ. ಮನಿಗೆ ಬಂದು ಕುಡೀರಿ" ಎಂದು ಅಪ್ಪಣೆ ಕೊಡಿಸಿದರು.

ಆ ಅಪ್ಪಣೆ ಪಾಲಿಸಿ ಒಂದು ಭಾನುವಾರ ಆಸ್ಪರಿಯ ಕಡೆ ಹೋಗಿದ್ದೆವು. ವಾಪಸು ಬರುವಾಗ ಬಿಸಿಲೇರಿತು, ನಾಲಗೆ ಮರದ ಚಮಚವಾಯಿತು. ಸ್ವಲ್ಪ ಹೊತ್ತಿಗೆ ಮುಂದಿನ ರಸ್ತೆ ಎರಡಾಗಿ ಕಂಡಿತು. ನಾನು ಅವೆರಡರಲ್ಲಿ ಇಲ್ಲದ ರಸ್ತೆಯನ್ನು ಆರಿಸಿಕೊಂಡು ಸೀದಾ ಹತ್ತಿಯ ಹೊಲಕ್ಕೆ ನುಗ್ಗಿದೆ. ಮುಂದೆ ಹೊರಟಿದ್ದ ಆಚಾರ್ಯರಿಗೆ ಅದು ಗೊತ್ತೂ ಆಗಲಿಲ್ಲ. ಕಣ್ಣು ಬಿಟ್ಟಾಗ, ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳು ಒದ್ದೆ ಸೆರಗಿನಿಂದ ನನ್ನ ಮುಖ ಒರೆಸುತ್ತಿದ್ದಳು. ನಾನು ಅವಳ ಬಿಂದಿಗೆಗೇ ಬಾಯಿ ಹಾಕಲು ಹೋದೆ. ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡಳು. "ಏ, ಎತ್ತೇನಪ್ಪಾ ನೀನು? ಗುಟುಕು ಗುಟುಕು ಕುಡಿ. ಆಗಾಗ ಒಂದೀಟು ಕುಡಕೊಂತ ಇದ್ರ ಹಿಂಗ್ಯಾಕ ಬೀಳ್ತಿದ್ದಿ?"

ನನಗೆ ಬುದ್ಧಿಯಿದ್ದಿದ್ದರೆ ಆ ಮಾತನ್ನು ಬರೆದು ಗೋಡೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ಬರಿಗಾಲಲ್ಲಿ ಹೊಲದಲ್ಲಿ ನಿಂತವರು ಹೇಳಿದ್ದು ನಮಗೆ ಜ್ಞಾನ ಅನ್ನಿಸುವುದಿಲ್ಲ. ಮನೆಗೆ ಬಂದು ಮೊಬೈಲು ತೆರೆದೆ. ಕಪ್ಪು ಕನ್ನಡಕದ ಯುವಕನೊಬ್ಬ, ನೀರಡಿಕೆ ಆಗುವ ಮುಂಚೆಯೇ ಕುಡಿಯಬೇಕು ಎಂದು ತೆಲುಗಿನಲ್ಲಿ ಗರ್ಜಿಸುತ್ತಿದ್ದ. ಗಂಟೆಗೆ ಎಷ್ಟು, ಬಿಸಿಲಿಗೆ ಎಷ್ಟು, ಬೆವರಿಗೆ ಎಷ್ಟು ಎಂದೂ ಹೇಳಿದನಂತೆ. ಅಷ್ಟು ಹೊತ್ತಿಗೆ ನಾನು ಮೊಬೈಲು ಮುಚ್ಚಿ ಬಾಟಲಿ ಕೊಳ್ಳಲು ಹೋಗಿದ್ದೆ.

ಈ ನಡುವೆ ಮಗಳ ಮದುವೆಯ ಮಾತು ಬಂತು. ನನ್ನ ಮಗಳು ಗೌರಿ ಎಮ್ಮಿಗನೂರಿನ ಶಾಲೆಯೊಂದರಲ್ಲಿ ಟೀಚರು. ಅದೇ ಶಾಲೆಯ ವಿಜ್ಞಾನದ ಮೇಷ್ಟ್ರು ವಿರೂಪಾಕ್ಷ. ಅವನ ಮನೆಯಲ್ಲಿ ಮಗ್ಗವಿದೆ, ರಜೆಯಲ್ಲಿ ಅವನೂ ನೇಯುತ್ತಾನೆ. ಇಬ್ಬರೂ ತಾವೇ ಒಪ್ಪಿಕೊಂಡು ನಮಗೆ ಸುದ್ದಿ ಮುಟ್ಟಿಸಿದ್ದರು. "ಅಪ್ಪಾ, ಅವರ ಮನ್ಯಾಗ ಎಲ್ಲಾರೂ ಒಪ್ಯಾರ, ಅಜ್ಜಿ ಒಬ್ಬಾಕಿ ಬಾಕಿ ಅದಾಳ. ನೀ ಹೋಗಿ ಕುಂತು, ಕೊಟ್ಟಿದ್ದು ತಗೊಂಡು, ನಕ್ಕು ಬಾ. ನಿನ್ನ ಬುದ್ಧಿ ಮಾತ್ರ ಖರ್ಚು ಮಾಡಬ್ಯಾಡ" ಎಂದಳು ಗೌರಿ.

ಖರ್ಚು ಮಾಡಿದೆ. ಬೀಗರ ಮನೆಗೆ ಹೊರಟ ಭಾನುವಾರ ಹೆಂಡತಿ, ಮಗಳನ್ನು ಬಸ್ಸಿಗೆ ಕಳಿಸಿ, ಬೀಗರು ನನ್ನ ಕಸುವು ನೋಡಲಿ ಎಂದು ನಾನು ಸೈಕಲ್ ಹತ್ತಿದೆ. ಒಂದೊಂದು ಲೀಟರಿನ ಮೂರು ಬಾಟಲಿ. ನೀರಡಿಕೆಗೆ ಅವಕಾಶವನ್ನೇ ಕೊಡದೆ, ಮೈಲಿಗೊಮ್ಮೆ ಇಳಿದು ಕುಡಿದೆ. ಅದು ಚಳಿಗಾಲದ ಮುಂಜಾನೆ, ಒಂದು ಹನಿ ಬೆವರಲಿಲ್ಲ ಎಂಬುದನ್ನು ಗಮನಿಸಲಿಲ್ಲ. ಕುಡಿದದ್ದೆಲ್ಲ ಒಳಗೇ ಇತ್ತು. ಅರ್ಧ ದಾರಿಯಲ್ಲಿ ಅದು ಹೊರಗೆ ಬರುವ ಇಚ್ಛೆಯನ್ನು ತಿಳಿಸಿತು. ನಮ್ಮ ಎರೆಸೀಮೆಯಲ್ಲಿ ಮೊಣಕಾಲೆತ್ತರದ ಕಡಲೆ ಗಿಡ ಬಿಟ್ಟರೆ ಮರೆ ಎಂಬುದಿಲ್ಲ. ಎಲ್ಲೋ ಒಂದು ಜಾಲಿ ಪೊದೆ ಕಂಡು ಇಳಿದರೆ, ಅದರ ಹಿಂದಿನಿಂದ ರೈತನೊಬ್ಬ ಎದ್ದು, "ನಮಸ್ಕಾರಂ ಶೆಟ್ರ! ಹತ್ತಿ ಏನು ನಡದೈತಿ?" ಎಂದ. ಅವನು ಮೋಟರ್ ಸೈಕಲ್ ಹತ್ತಿ ನನ್ನ ಪಕ್ಕದಲ್ಲೇ ಮಾತಾಡುತ್ತ ಎಮ್ಮಿಗನೂರಿನ ತನಕ ಬಂದ.

ಬೀಗರ ಮನೆಯ ನಡುಮನೆಯಲ್ಲಿ ಹೆಂಡತಿ, ಮಗಳು ಆಗಲೇ ಕೂತಿದ್ದರು. ವಿರೂಪಾಕ್ಷ ಮೂಲೆಯ ಮಗ್ಗದ ಮೇಲಿದ್ದ. ನಾನು ಕೂರುವುದಕ್ಕೂ ಮೊದಲೇ ಅವನ ತಾಯಿ ದೊಡ್ಡ ಹಿತ್ತಾಳೆ ಚೊಂಬಿನ ತುಂಬ ನೀರು ತಂದರು. "ಬ್ಯಾಡ್ರೀ" ಎಂದುಬಿಟ್ಟೆ. ಮಗ್ಗ ನಿಂತಿತು. ಹೆಣ್ಣಿನ ತಂದೆ ಗಂಡಿನ ಮನೆಯ ನೀರು ಒಲ್ಲೆ ಅಂದರೆ ಸಂಬಂಧ ಒಲ್ಲೆ ಅಂದ ಹಾಗೆ.

"ಯಾಕಪ್ಪಾ, ನಮ್ಮನಿ ನೀರು ನಡಿಯಂಗಿಲ್ಲೇನು?" ಎಂದಳು ಅಜ್ಜಿ.

ಗೌರಿ ನನ್ನನ್ನು ನೋಡಿದಳು. ಆ ನೋಟಕ್ಕೆ ಇಡೀ ಚೊಂಬು ಗಟಗಟ ಕುಡಿದೆ. ಹಿಂದೆಯೇ ಮಜ್ಜಿಗೆ ಬಂತು, ಅದನ್ನೂ ಕುಡಿದೆ. ಹೆಣ್ಣು ಕೊಡಲು ಬಂದವನು ಮೊದಲ ಮಾತಿಗೇ ಬಚ್ಚಲು ಕೇಳುವುದು ಹೇಗೆ? ಕಾಲು ಹೆಣೆದು ಕೂತೆ. ವಿರೂಪಾಕ್ಷನ ತಂದೆ ಹೊಲ, ಮಗ್ಗ, ಮಗನ ಗುಣ ಎಲ್ಲವನ್ನೂ ನಿಧಾನವಾಗಿ ವರ್ಣಿಸಿದರು. ನನ್ನ ಕಣ್ಣಲ್ಲಿ ನೀರು ತುಂಬಿತು. ಅಲ್ಲೊಂದೇ ಜಾಗ ಉಳಿದಿತ್ತೆಂದು ಕಾಣುತ್ತದೆ.

ಅಜ್ಜಿಯ ಮನಸ್ಸು ಕರಗಿತು. "ಪಾಪಂ, ಮಗಳನ್ನ ಕಳಿಸೋ ಸಂಕಟ. ಏಡವದ್ದು ನಾಯನಾ, ಅಳಬ್ಯಾಡ. ನಮ್ಮನ್ಯಾಗ ಆಕಿಗೆ ಏನೂ ಕಮ್ಮಿ ಆಗಂಗಿಲ್ಲ."

ಸುಮ್ಮನೆ ತಲೆಯಾಡಿಸಿದ್ದರೆ ದೊಡ್ಡ ಮನುಷ್ಯನಾಗುತ್ತಿದ್ದೆ. ಆಗಲಿಲ್ಲ. ಎದ್ದು ನಿಂತು, "ಅಮ್ಮಾ, ಸಂಕಟ ಖರೆ, ಆದ್ರ ಮಗಳದಲ್ಲ. ಮೂರು ಲೀಟರ್ ಕುಡದೀನಿ. ಬಚ್ಚಲು ಎಲ್ಲೈತಿ, ಜಲ್ದಿ ಹೇಳ್ರಿ!" ಎಂದು ಕೂಗಿದೆ. ವಿರೂಪಾಕ್ಷ ಕೈಯಲ್ಲಿದ್ದ ಲಾಳಿಯಿಂದಲೇ ಹಿತ್ತಲನ್ನು ತೋರಿಸಿದ. ನಾನು ಓಡಿದೆ.

ಹಿತ್ತಲಲ್ಲಿ ಬಹಳ ಹೊತ್ತು ಇದ್ದೆ. ಕೆಲಸ ಮುಗಿದ ಮೇಲೂ ಇದ್ದೆ, ಒಳಗೆ ಹೋಗುವ ಮುಖವಿರಲಿಲ್ಲ. ಮಗಳ ಬಾಳನ್ನು ಮೂರು ಬಾಟಲಿ ನೀರಲ್ಲಿ ಮುಳುಗಿಸಿದೆನಲ್ಲ ಎಂದು ನಿಜವಾಗಿಯೂ ಅಳು ಬಂತು. ಕೊನೆಗೆ ತಲೆ ತಗ್ಗಿಸಿ ಒಳಗೆ ಹೋದರೆ, ಅಜ್ಜಿ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಗೌರಿಯನ್ನು ಕೂರಿಸಿಕೊಂಡಿದ್ದಳು.

"ನನ್ನ ಗಂಡ ಹೊಟ್ಟಿನೋವು ಅಂತ ಒಂದಿನಾನೂ ಬಾಯಿ ಬಿಡಲಿಲ್ಲಪ್ಪಾ, ಬಿಂಕ. ಹಂಗೇ ಹೋಗಿಬಿಟ್ಟ. ಇದ್ದದ್ದು ಇದ್ದಂಗ ಹೇಳೋ ಮನಿತನದ ಹುಡುಗಿ ಬರಲಿ" ಎಂದಳು. ಅಲ್ಲಿಗೆ ಮದುವೆ ಗಟ್ಟಿಯಾಯಿತು.

ಮುಂದಿನ ತಿಂಗಳು ಅವರ ಮನೆಯಲ್ಲೇ ನಿಶ್ಚಿತಾರ್ಥ. ಬೀಗಿತಿ ಎಲ್ಲರಿಗೂ ನೀರು ಕೊಡುತ್ತ ಬಂದರು, ನನ್ನ ಮುಂದೆ ಬಂದಾಗ ನಕ್ಕು, ದಾಟಿ ಮುಂದೆ ಹೋದರು. ನೆಂಟರೊಬ್ಬರು ಗಾಬರಿಯಿಂದ, "ಬೀಗರಿಗೆ ಉಪವಾಸ ಏನ್ರೀ?" ಎಂದು ಕೇಳಿದರು. ಬಿಪಿ, ಶುಗರ್ ಇರುವವರ ಬಗ್ಗೆ ಹೇಳುವ ದನಿಯಲ್ಲೇ ನನ್ನ ಹೆಂಡತಿ, "ಇಲ್ರೀ, ಅವರಿಗೆ ಸೈಕಲ್ ಐತಿ" ಎಂದಳು.

ಆ ದಿನ ನಾನು ಬಸ್ಸಿನಲ್ಲಿ ಬಂದಿದ್ದೆ. ಗಂಟಲು ಒಣಗಿ ಬಿರಿಯುತ್ತಿತ್ತು. ಆದರೆ ಆ ಮನೆಯಲ್ಲಿ ಬಾಯಿ ಬಿಟ್ಟು ನೀರು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು?