ಆಲೂರಿನ ತುಂಬೆ ಹೂವು ಆದೋನಿ ಕಡೆಗೆ ನಡೆದದ್ದು

"ಈ ಹೊಸ್ತಿಲಾ ದಾಟಿ ನಾ ಹೋಗೋದಂದ್ರ ನಾಕು ಮಂದಿ ಹೆಗಲ ಮ್ಯಾಲೇ! ಕರಿಗುಡ್ಡಕ್ಕಂತೂ ಅಲ್ಲ!"

ಹೀಗಂತ ವೀರಬಸಮ್ಮ ಆಲೂರಿನ ಬಸವಣ್ಣನ ಗುಡಿ ಓಣಿಯಲ್ಲಿ, ಹಾಡಹಗಲು, ನಳದ ಮುಂದೆ ಸಾಲಾಗಿ ನಿಂತ ಹದಿನಾಲ್ಕು ಕೊಡಗಳನ್ನೂ ಅವುಗಳ ಒಡತಿಯರನ್ನೂ ಸಾಕ್ಷಿ ಇಟ್ಟುಕೊಂಡು ಸಾರಿದಳು. ಸಾರಿದ ಮೇಲೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಆಕೆ ಸೆರಗು ಸಿಕ್ಕಿಸಿದಳೆಂದರೆ ಮುಗೀತು, ಆ ಮಾತಿಗೆ ತಹಸೀಲ್ದಾರರ ಸೀಲು ಬಿದ್ದಂಗೆ!

ಕರಿಗುಡ್ಡ ಅಂದರೆ ಆದೋನಿ ಬೈಪಾಸಿನ ಆಚೆಗಿರೋ ಊರು. ಆರು ವರ್ಷದ ಹಿಂದೆ ಅಲ್ಲಿದ್ದದ್ದು ಒಂದು ಗುಡ್ಡ, ಒಂದು ಕುಂಟೆ, ಕುಂಟೆಗೆ ನೀರು ಕುಡಿಯಲು ಬರುವ ಕುರಿ. ಈಗ ಕುರಿಗೆ ಕಾಲಿಡಲು ಜಾಗವಿಲ್ಲ! ನೋಡನೋಡುತ್ತಲೇ ಮೂರಂತಸ್ತಿನ ಮನೆಗಳು ಎದ್ದವು, ಎರಡು ಫಂಕ್ಷನ್ ಹಾಲು ಎದ್ದವು, ಬಿರಿಯಾನಿ ಅಂಗಡಿ ಎದ್ದಿತು, ಬಿರಿಯಾನಿ ತಿಂದವರಿಗೆ ಅಂತ ಎದುರಿಗೇ ಮೆಡಿಕಲ್ ಶಾಪೂ ಎದ್ದಿತು. ಸೋಮವಾರ ಹೋದವರು ಕಂಡ ಬಯಲು ಶುಕ್ರವಾರ ಹೋದವರಿಗೆ ಸಿಗುವುದಿಲ್ಲ.

ವೀರಬಸಮ್ಮನ ಸೊಸೆ ಶೋಭಾರಾಣಿ ಅಲ್ಲಿನ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಬಂದು ಕಾಲು ಚಾಚಿದರೆ ಪಾದ ಎರಡೂ ಎಣ್ಣೆಗೆ ಬಿಟ್ಟ ಪೂರಿ ಉಬ್ಬಿದಂಗೆ ಉಬ್ಬಿರುತ್ತವೆ. ಮಗ ರುದ್ರೇಶನದು ಸೆಲ್ ರಿಪೇರಿ ಅಂಗಡಿ. ಒಡೆದ ಸೆಲ್ಲು ಆಲೂರಿಗಿಂತ ಕರಿಗುಡ್ಡದಲ್ಲೇ ಹೆಚ್ಚು ಅಂತ ಅವನ ಲೆಕ್ಕಾಚಾರ. ಗಂಡಹೆಂಡತಿ ಕೂಡಿ ಅಲ್ಲೊಂದು ಮನೆ ನೋಡಿ ಬಂದಿದ್ದರು. ಮನೆ ತೋರಿಸಿದ ದಲ್ಲಾಳಿ ಶ್ರೀರಾಮುಲು ದಿನಕ್ಕೆ ಮೂರು ಸಲ ತೆಲುಗಿನಲ್ಲಿ ಫೋನು: "ಅಮ್ಮಾ, ಮಂಚಿ ಇಲ್ಲು! ಈಸ್ಟ್ ಫೇಸಿಂಗು! ಮಂಗಳವಾರಂ ದಾಟಿತೇ ನೇನೇಮೀ ಚೆಯ್ಯಲೇನು!" ಮನೆಯೇನೋ ಚಲೋದು, ಆದರೆ ಮಂಗಳವಾರ ದಾಟಿದರೆ ಇನ್ನೊಬ್ಬರ ಪಾಲು.

"ಅತ್ತಿ, ಕೆಳಗಿನ ಮನಿ ಐತ್ರಿ, ಮೆಟ್ಟಲ ಹತ್ತೋ ಕೆಲಸ ಇಲ್ಲ. ಇಪ್ಪತ್ನಾಕು ತಾಸು ನೀರು ಬರ್ತಾವ," ಅಂದಳು ಶೋಭಾರಾಣಿ.

"ಇಪ್ಪತ್ನಾಕು ತಾಸು ನೀರು ತಗೊಂಡು ನಾ ಏನ್ ಮಾಡ್ಲಿ? ನಾನೇನು ಎಮ್ಮಿಯೇನು?"

"ಯವ್ವಾ, ಗಾಳಿ ಬೆಳಕು ಚಲೋ ಐತಿ," ಅಂದ ರುದ್ರೇಶ.

"ಇಲ್ಲೇನು ಗಾಳಿ ರೇಷನ್ ಕಾರ್ಡಿನ ಮ್ಯಾಲೆ ಕೊಡ್ತಾರೇನು?"

ಇಷ್ಟಕ್ಕೂ ಒಂದು ಮಾತಾಡದೆ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವನು ಗಂಡ ಉರುಕುಂದಪ್ಪ. ಆದೋನಿಯ ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ತಕ್ಕಡಿ ಮುಂದೆ ನಿಂತು ಹತ್ತಿ ತೂಗಿದವನು. ಮನೆಯ ಮಾತನ್ನೂ ತೂಗಿಯೇ ಆಡುತ್ತಾನೆ.

"ಏನ್ರಿ, ನೀವರ ಒಂದು ಮಾತು ಹೇಳ್ರಿ!"

"ತಕ್ಕಡಿ ಮುಳ್ಳು ಇನ್ನಾ ಅಳ್ಳಾಡಾಕತ್ತೈತಿ."

"ಇಷ್ಟು ವರ್ಷಾತು, ನಿಮ್ಮ ಮುಳ್ಳು ನಿಂತದ್ದ ನಾ ಕಾಣೆ!"

"ನಿನ್ನ ನೋಡಾಕ ಬಂದ ದಿನ ನಿಂತಿತ್ತು," ಅಂದ ಉರುಕುಂದಪ್ಪ ಸುಣ್ಣ ಸವರುತ್ತಾ, "ಆಮ್ಯಾಲ ಕೆಟ್ಟತು."

ನೀರು, ಗಾಳಿ ಎಲ್ಲಾ ನೆಪ. ನಿಜವಾದ ಕಾರಣ ಹಿತ್ತಲ ಗೋಡೆಯಲ್ಲಿತ್ತು. ಎರಡು ಇಟ್ಟಿಗೆಯಷ್ಟಗಲದ ಒಂದು ಕಿಂಡಿ! ಗೋಡೆಯ ಆ ಕಡೆ ಕುರಿ ಸಾಕುವ ಕೆಂಚಣ್ಣನ ಹೆಂಡತಿ ಮೂಕಮ್ಮ. ಹೆಸರಿಗಷ್ಟೇ ಮೂಕಮ್ಮ, ಬಾಯಿ ತೆರೆದರೆ ನಳ ಬಿಟ್ಟಂಗೆ. ರುದ್ರೇಶ ತೊಟ್ಟಿಲಲ್ಲಿದ್ದಾಗ ಒಂದು ಆಷಾಢದ ಮಳೆಗೆ ಗೋಡೆಯ ಎರಡು ಇಟ್ಟಿಗೆ ಬಿದ್ದವು. ಅದೇ ದಿನ ಕೂಸಿಗೆ ಜ್ವರ, ಮನೆಯಲ್ಲಿ ಯಾರೂ ಇಲ್ಲ, ಓಣಿ ತುಂಬ ಮೊಣಕಾಲು ನೀರು. ಆ ಕಿಂಡಿಯಿಂದ ಒಂದು ಕೈ ಬಂತು, ಹಸಿರು ಬಳೆಯ ಕೈ, ಕೈಯಲ್ಲಿ ಬೆಚ್ಚಗಿನ ಆಡಿನ ಹಾಲು. ಅವತ್ತಿನಿಂದ ಆ ಕಿಂಡಿ ಮುಚ್ಚಿಲ್ಲ. ಗಂಡಸರು ಮೂರು ಸಲ ಮಣ್ಣು ಮೆತ್ತಿದರು. ಮೂರು ಸಲವೂ ಮಣ್ಣು ಎಂಟೇ ದಿನಕ್ಕೆ "ತಾನಾಗೇ" ಬಿತ್ತು! ಸಾರು, ಮಜ್ಜಿಗೆ, ಸೂಜಿದಾರ, ಸೊಸೆಯಂದಿರ ಮೇಲಿನ ದೂರು, ಎಲ್ಲದಕ್ಕೂ ಅದೇ ದಾರಿ. ಕರಿಗುಡ್ಡದ ಮನೆಯಲ್ಲಿ ನೀರು ಇಪ್ಪತ್ನಾಲ್ಕು ತಾಸು ಬರಬಹುದು, ಮೂಕಮ್ಮನ ಕೈ ಎಲ್ಲಿಂದ ಬರಬೇಕು?

ಆದರೆ ಇದನ್ನು ಬಾಯಿಬಿಟ್ಟು ಹೇಳುವುದೆಂತು? "ಗೋಡಿ ತೂತಿನ ಸಲುವಾಗಿ ಅತ್ತಿ ಬರಾಕ ಒಲ್ಲೆ ಅಂದ್ಲು" ಅಂತ ಆಡಿಕೊಂಡು ನಗುವುದಿಲ್ಲವೇ ಜನ? ಹಾಗಾಗಿ ವೀರಬಸಮ್ಮ ದೇವರನ್ನೇ ತನ್ನ ಕಡೆ ಎಳೆದಳು.

"ಬಸವಣ್ಣನ ಹತ್ರ ಹೂ ಕೇಳೋಣ! ಬಲಗಡೆ ಹೂ ಬಿದ್ರ ನಾಳೇನೇ ಗಂಟು ಕಟ್ತೀನಿ. ಎಡಗಡೆ ಬಿದ್ರ ಕರಿಗುಡ್ಡದ ಹೆಸರು ಈ ಮನ್ಯಾಗ ಎತ್ತಬಾರದು!"

ಬಸವಣ್ಣ ತನ್ನ ಕೈ ಬಿಡುವುದಿಲ್ಲ ಅಂತ ಆಕೆಗೆ ಗಟ್ಟಿ ನಂಬಿಕೆ. ಮೂವತ್ತು ವರ್ಷ ಪ್ರತಿ ಸೋಮವಾರ ಗುಡಿಯ ಕಸ ಹೊಡೆದವಳು, ಅಷ್ಟಾದರೂ ಸಲಿಗೆ ಇರಬೇಡವೇ?

ಆ ಓಣಿಯಲ್ಲಿ ಹೂ ಕೇಳುವುದಕ್ಕೊಂದು ಕಟ್ಟಳೆಯುಂಟು. ಕಪ್ಪು ಕಲ್ಲಿನ ಬಸವಣ್ಣನ ಎರಡು ಭುಜಕ್ಕೆ ಎರಡು ತುಂಬೆ ಹೂ, ಬರೀ ನೀರಿನಲ್ಲಿ ಅದ್ದಿ ಅಂಟಿಸಬೇಕು. ನೀರು ಆರಿದಂತೆ ಯಾವುದು ಮೊದಲು ಬೀಳುತ್ತದೋ ಅದೇ ದೇವರ ಮಾತು. ಬಲಗಡೆಯ ಹೂ ಕೇಳುವ ಮನೆಯವರು ಅಂಟಿಸಬೇಕು, ಎಡಗಡೆಯದು ಮಗ್ಗುಲ ಮನೆಯವರು. ಮೋಸ ಆಗಬಾರದಂತ ಹಿರಿಯರು ಮಾಡಿದ್ದು! ಪೂಜಾರಿ ಅಯ್ಯನವರು ಬರೀ ಮಂತ್ರ ಹೇಳುತ್ತಾರೆ. ಅವರ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಯಿತು, ಹೂ ಯಾವುದು, ದೀಪದ ಕುಡಿ ಯಾವುದು ಗೊತ್ತಾಗುವುದಿಲ್ಲ ಅಂತ ಓಣಿಗೆಲ್ಲಾ ಗೊತ್ತು.

ಸೋಮವಾರ ಬೆಳಿಗ್ಗೆ ವೀರಬಸಮ್ಮ ಶೇಂಗಾ ಉಂಡಿಗೆ ಬೆಲ್ಲದ ಪಾಕ ಹಿಡಿದಳು. ಉಂಡಿ ದೇವರಿಗೆ. ಪಾಕದ ಒಂದು ಹನಿ ಮಾತ್ರ ಹೆಬ್ಬೆರಳಿನ ಉಗುರಿನೊಳಗೆ! ಗುಡಿಯಲ್ಲಿ ಓಣಿಯೆಲ್ಲಾ ಕೂಡಿತ್ತು. ಆಕೆ ಭಕ್ತಿಯಿಂದ ಕಣ್ಣು ಮುಚ್ಚಿ, ಬಲ ಭುಜಕ್ಕೆ ಹೂವನ್ನು ಒತ್ತಿದಳು. ಪಾಕ ಆರಿದರೆ ಕಲ್ಲು. ಇನ್ನು ಆ ಹೂ ಬೀಳಬೇಕಾದರೆ ಬಸವಣ್ಣನೇ ಎದ್ದು ಮೈ ಕೊಡವಬೇಕು. ಎಡ ಭುಜಕ್ಕೆ ಮೂಕಮ್ಮ ಹೂ ಒತ್ತಿ, ಎರಡೂ ಕೆನ್ನೆ ಬಡಿದುಕೊಂಡು ಹಿಂದೆ ಸರಿದಳು.

ಒಂಬತ್ತೂವರೆಗೆ ಮಂತ್ರ ಮುಗಿಯಿತು. ಹತ್ತಾಯಿತು. ಹೂ ಬೀಳಲಿಲ್ಲ. ಬಲಗಡೆಯದು ಬೀಳದಿರುವುದು ಸರಿ, ಎಡಗಡೆಯದಕ್ಕೇನು ಬಂತು ರೋಗ? ವೀರಬಸಮ್ಮ ಎಡಗಡೆಯ ಹೂವನ್ನು ಕಣ್ಣಲ್ಲೇ ದೂಡಿದಳು. ಹತ್ತೂವರೆ. ಒಬ್ಬಳು ಕುಕ್ಕರ್ ಆರಿಸಲು ಓಡಿದಳು. ಹನ್ನೊಂದು. ಅಷ್ಟರಲ್ಲಿ ರುದ್ರೇಶನ ಜೇಬಿನ ಫೋನಿನೊಳಗಿಂದ ಶ್ರೀರಾಮುಲು ಕೂಗಿದ: "ದೇವುಡು ಏಮನ್ನಾಡು?"

"ಇನ್ನಾ ಏನೂ ಅಂದಿಲ್ರಿ, ಯೋಚನೆ ಮಾಡಾಕತ್ತಾನ," ಅಂದ ರುದ್ರೇಶ.

"ಬಸವಣ್ಣಂದೂ ಮುಳ್ಳು ಅಳ್ಳಾಡಾಕತ್ತೈತಿ," ಅಂದ ಉರುಕುಂದಪ್ಪ ಸಮಾಧಾನದಿಂದ. ಜೊತೆಗೊಬ್ಬರು ಸಿಕ್ಕ ಖುಷಿ!

ಅಯ್ಯನವರು, ದೇವರು ಬಿಸಿಯಾಗಿದ್ದಾನೆಂದು ಹೇಳಿ, ತಂಬಿಗೆಯ ನೀರು ಚಿಮುಕಿಸಿದರು. ಅದೇ ತಪ್ಪಾಯಿತು ನೋಡಿ. ಒಣಗಿದ ಪಾಕ ಕರಗಿತು. ಗರ್ಭಗುಡಿಯ ಮೂಲೆಯಿಂದ ಕಪ್ಪಿರುವೆಗಳ ದಿಬ್ಬಣ ಹೊರಟಿತು! ಎಣ್ಣೆ ಕುಡಿದ ಕಪ್ಪು ಕಲ್ಲಿನ ಮೇಲೆ ಕಪ್ಪಿರುವೆ ಯಾರ ಕಣ್ಣಿಗೆ ಬೀಳಬೇಕು? ಹತ್ತಿರ ಕೂತ ವೀರಬಸಮ್ಮನೊಬ್ಬಳಿಗೇ ಕಂಡಿತು. ಉಳಿದವರಿಗೆ ಕಂಡದ್ದು ಇಷ್ಟೇ: ಬಲಗಡೆಯ ಬೆಳ್ಳಗಿನ ಹೂ ಒಂದು ಸಲ ಮಿಸುಕಿತು, ಅತ್ತಿತ್ತ ನೋಡಿತು, ಆಮೇಲೆ ಬಸವಣ್ಣನ ಭುಜದಿಂದ ಸಾವಕಾಶ ಇಳಿಯತೊಡಗಿತು.

"ಹೂ ನಡೀಲಿಕ್ಕತ್ತೈತಿ!" ಅಂತ ಯಾರೋ ಚೀರಿದರು.

"ಏನು? ನಡೀಲಿಕ್ಕತ್ತೈತಾ?" ಅಯ್ಯನವರು ಎದ್ದು ನಿಂತರು. "ನಲವತ್ತು ವರ್ಷ ಹೂ ಬೀಳೋದು ನೋಡೀನಿ. ನಡದದ್ದು ಇದೇ ಮೊದಲು! ಯಾವ ಕಡಿ ಹೊಂಟೈತಿ?"

ಹೂ ಭುಜ ಇಳಿಯಿತು, ಹೊಟ್ಟೆ ಇಳಿಯಿತು, ಪೀಠ ದಾಟಿತು, ಮದುವಣಗಿತ್ತಿಯಂತೆ ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ ದಾಟಿ, ಹೊರಗೆ ಬಂದು, ಬಡಗಣ ದಿಕ್ಕಿಗೆ ತಿರುಗಿತು. ಆಲೂರಿಗೆ ಬಡಗಣ ದಿಕ್ಕೆಂದರೆ ಆದೋನಿ!

ಓಣಿಗೆ ಓಣಿಯೇ ಅಡ್ಡಬಿತ್ತು. "ಬಸವಣ್ಣ ಆದೋನಿ ದಾರೀನ ತೋರಿಸಿದ!" ಅಂತ ಮುದುಕಿಯರು ಕಣ್ಣೊರೆಸಿಕೊಂಡರು.

ಈಗ ವೀರಬಸಮ್ಮ ಏನು ಮಾಡಬೇಕು? "ಅದು ಹೂ ಅಲ್ರಿ, ಇರುವಿ!" ಅಂದರೆ ಸಾಕು, ಆಲೂರು ಉಳಿಯುತ್ತದೆ, ಕಿಂಡಿ ಉಳಿಯುತ್ತದೆ. ಆದರೆ ಮರುಗಳಿಗೆಯೇ ಯಾರಾದರೂ ಕೇಳುವುದಿಲ್ಲವೇ, ಇರುವೆ ಯಾಕೆ ಬಂದವು, ಬೆಲ್ಲ ಎಲ್ಲಿತ್ತು ಅಂತ? ಮೂವತ್ತು ವರ್ಷ ಗುಡಿ ಕಸ ಹೊಡೆದ ವೀರಬಸಮ್ಮ ದೇವರಿಗೇ ಪಾಕ ಹಚ್ಚಿದಳು ಅಂತ ಹೊಳಗುಂದಿಯವರೆಗೂ ಸುದ್ದಿ! ಆಕೆ ಸೊಂಟದ ಸೆರಗು ತೆಗೆದು ಬಾಯಿಗೆ ಅಡ್ಡ ಹಿಡಿದಳು. ಓಣಿಯವರು ಅದನ್ನು ಭಕ್ತಿ ಅಂದುಕೊಂಡರು.

ಮನೆಗೆ ಬಂದ ಮೇಲೆ, ಅವತ್ತು ಶಾಲೆಗೆ ರಜೆ ಹಾಕಿದ್ದ ಶೋಭಾರಾಣಿ ಹತ್ತಿರ ಬಂದು ಕೂತಳು. ಖುಷಿಯಿಂದ ಕುಣಿಯುತ್ತಾಳೆ ಅಂದುಕೊಂಡರೆ ಮೆಲ್ಲಗೆ ಅತ್ತೆಯ ಕೈ ಹಿಡಿದಳು.

"ಅತ್ತಿ, ಹೂ ಹೆಂಗರ ನಡೀಲಿ. ನಿಮಗ ಮನಸ್ಸಿಲ್ಲಂದ್ರ ಬ್ಯಾಡ ಬಿಡ್ರಿ. ನಾ ಬಸ್ಸಿಗೇ ಅಡ್ಡಾಡ್ತೀನಿ. ರೂಢಿ ಆಗೇತಿ."

ವೀರಬಸಮ್ಮ ಸೊಸೆಯ ಪಾದ ನೋಡಿದಳು. ಇರುವೆ ಕಚ್ಚಿದಂಗಾಯಿತು, ಎಲ್ಲಿ ಅಂತ ಹೇಳಲು ಬಾರದು. ತಡೆಯದೆ ಎದ್ದು ಹಿತ್ತಲಿಗೆ ಹೋಗಿ ಕಿಂಡಿಗೆ ಬಾಯಿಟ್ಟಳು.

"ಏ ಮೂಕಮ್ಮ! ಬಾ ಇಲ್ಲಿ. ಒಂದು ಪಾಪ ಮಾಡೀನಿ."

"ಯಕ್ಕಾ, ನಾನೂ ನಿನ್ನ ಕರೀಬೇಕಂತಿದ್ದೆ. ನಾನೂ ಒಂದು ಮಾಡೀನಿ."

"ನಂದು ಮೊದಲು ಕೇಳು. ಬಲಗಡೆ ಹೂವಿಗೆ ನಾ ಬೆಲ್ಲದ ಪಾಕ ಹಚ್ಚಿದ್ದೆ. ಬೀಳಬಾರದಂತ."

ಹುಟ್ಟಿದಂದಿನಿಂದ ಮೊದಲ ಸಲ ಮೂಕಮ್ಮ ಮೂಕಿಯಾದಳು. ಆಮೇಲೆ ಗೋಡೆಯೇ ಅಲುಗುವಂಗೆ ನಗು.

"ಅಯ್ಯ ನಿನ್ನ! ಎಡಗಡೆ ಹೂವಿಗೆ ನಾ ಸಂಗಟಿ ಮೆತ್ತಿದ್ದೆ! ರಾಗಿ ಮುದ್ದಿ! ಒಣಗಿದ್ರ ಸಿಮೆಂಟು!"

"ಯಾಕಬೇ? ನಾ ಊರು ಬಿಟ್ಟು ಹೋಗ್ಲಿ ಅಂತೇನು?" ವೀರಬಸಮ್ಮ ಕಿಂಡಿಗೆ ಮುಖ ಒತ್ತಿದಳು. "ಇಷ್ಟು ವರ್ಷದ ಮ್ಯಾಲೆ ನನ್ನ ಕಳಸಾಕ ಸಂಗಟಿ ಮೆತ್ತಿದ್ಯಾ?"

"ಕಳಸಾಕ ಅಲ್ಲಕ್ಕ, ಕರಕೊಂಡು ಹೋಗಾಕ! ನಮ್ಮ ಮಗಳು ಪ್ರತಿಮಾ ಕರಿಗುಡ್ಡದಾಗ ಟೈಲರಿಂಗ್ ಅಂಗಡಿ ಇಟ್ಟಾಳ, ಬಾ ಯವ್ವಾ ಅಂತ ಒಂದ ಹಠ. ನಮ್ಮ ಮನಿಯವರಿಗೂ ಕುರಿ ಹಿಂದ ಓಡಾಕ ಮೊಣಕಾಲು ಇಲ್ಲ. ಬರೋ ತಿಂಗಳು ನಾವೂ ಹೊಂಟೀವಿ. ನೀ ನೋಡಿದ್ರ ನಳದ ಮುಂದ ಹದಿನಾಕು ಕೊಡದ ಎದುರಿಗೆ ಆಣಿ ಮಾಡಿ ಕೂತಿ! ನಾ ಹೊಂಟೀನಂದ್ರ ನನ್ನ ಮಾತಾಡಿಸ್ತಿದ್ಯಾ?"

"ಕರಿಗುಡ್ಡದಾಗ ಎಲ್ಲಿ ಮನಿ?"

"ನಿಮ್ಮ ಸೊಸಿ ನೋಡಿದ ಮನಿ ಹಿಂದ. ಹಿತ್ತಲಿಗೆ ಹಿತ್ತಲು ಹತ್ತೈತಿ. ಆಕೀನೇ ಹುಡುಕಿ ಕೊಟ್ಟಾಳ. ಹಂಥಾ ಜೋಡಿ ಮನಿ ಸಿಗಾಕ ನಾಕು ತಿಂಗಳು ಸುತ್ತ್ಯಾಳ, ಆ ಕಾಲಿಟ್ಟುಕೊಂಡು. ಅತ್ತಿಗೆ ಹೇಳಬ್ಯಾಡಂತ ನಾನ ಆಣಿ ಹಾಕಿದ್ದೆ."

ವೀರಬಸಮ್ಮ ಗೋಡೆಗೆ ಒರಗಿ ಕೂತಳು. ನಾಲ್ಕು ತಿಂಗಳಿಂದ ಸೊಸೆಗೆ ಕಾರಣ ಗೊತ್ತಿತ್ತು. ನೀರು ಗಾಳಿಯ ಮಾತು ಕೇಳಿ ಒಳಗೊಳಗೇ ಎಷ್ಟು ನಕ್ಕಳೋ ಬಸವಣ್ಣನೇ ಬಲ್ಲ!

ಬಸವಣ್ಣ ಅಂದ ಕೂಡಲೇ ಇಬ್ಬರಿಗೂ ಭಯ ಹೊಕ್ಕಿತು. ಅವನಿಗೆ ಪಾಕ ಹಚ್ಚಿ, ಸಂಗಟಿ ಮೆತ್ತಿ, ಅವನ ಅಪ್ಪಣೆ ಅಂತ ಹೊರಟರೆ ಸುಮ್ಮನಿರುತ್ತಾನೆಯೇ? ಸಂಜೆ ಇಬ್ಬರೂ ಗುಡಿಗೆ ಹೋಗಿ ಅಯ್ಯನವರ ಕಾಲು ಹಿಡಿದು ಎಲ್ಲವನ್ನೂ ಒದರಿದರು.

ಅಯ್ಯನವರು ಬಸವಣ್ಣನ ಎಡ ಭುಜವನ್ನು ತೆಂಗಿನ ಚಿಪ್ಪಿನಿಂದ ಕೆರೆಯುತ್ತಿದ್ದರು.

"ಗೊತ್ತೈತಿ," ಅಂದರು. "ನೀನು ಉಗುರಿನ್ಯಾಗ ಪಾಕ ತಂದದ್ದೂ ಕಂಡೆ, ಈಕಿ ಸೆರಗಿನ ಗಂಟಿನ್ಯಾಗ ಸಂಗಟಿ ತಂದದ್ದೂ ಕಂಡೆ."

"ಕಂಡ್ರೀ? ಮತ್ತ ನಿಮ್ಮ ಕಣ್ಣಿನ ಪೊರಿ?"

"ಹೋದ ವರ್ಷನ ತಗಿಸೀನಿ. ಕಾಣಂಗಿಲ್ಲ ಅಂತಂದ್ರ ಮಂದಿ ಚಂದ ಕಾಣ್ತಾರ, ಅದಕ್ಕ ಹೇಳಿಲ್ಲ." ಅಯ್ಯನವರು ಒಣಗಿದ ಸಂಗಟಿಯ ಚಕ್ಕೆ ಎತ್ತಿ ಬಿಸಾಕಿದರು. "ನೀವಿಬ್ಬರೂ ಮೋಸ ಮಾಡಿದ್ರಿ. ಕೇಳಿದ್ದಕ್ಕ ಉತ್ತರ ಕೊಟ್ಟಾವ ಇರುವಿ ಅಷ್ಟೇ. ತಪ್ಪು ಕಾಣಿಕಿ ದೇವರಿಗೆ ಬ್ಯಾಡ. ಐದು ಶೇಂಗಾ ಉಂಡಿ ಇರುವಿ ಗೂಡಿನ ಮುಂದ ಇಟ್ಟು, ಕೈಮುಗದು ಹೋಗ್ರಿ."

ಇಟ್ಟರು. ಮುಗಿದರು. ಮನೆಗೆ ಬಂದಾಗ ಉರುಕುಂದಪ್ಪ ಆಗಲೇ ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದ. "ಈಗ ನಿಂತತು ನೋಡು ಮುಳ್ಳು," ಅಂದ.

ಕರಿಗುಡ್ಡದ ಹಿತ್ತಲ ಗೋಡೆಯಲ್ಲಿ ಎರಡು ಇಟ್ಟಿಗೆಯಷ್ಟು ಜಾಗ "ತಾನಾಗೇ" ಬಿದ್ದದ್ದು ಮೂಕಮ್ಮನೂ ಅಲ್ಲಿಗೆ ಬಂದ ಒಂಬತ್ತನೇ ದಿನ. ಹತ್ತನೇ ದಿನ ಬೆಳಿಗ್ಗೆ ಅಡುಗೆಮನೆಯಿಂದ ಶೋಭಾರಾಣಿ ಕೂಗಿದಳು. ಈಗ ಆಕೆಗೆ ಬಸ್ಸಿನ ಗಡಿಬಿಡಿ ಇಲ್ಲ, ಶಾಲೆಗೆ ಐದು ನಿಮಿಷದ ನಡಿಗೆ.

"ಅತ್ತಿ! ಈ ಮನಿಗೂ ಇರುವಿ ಬಂದಾವ್ರಿ, ಸಾಲು ಹಚ್ಚ್ಯಾವ! ಇರುವಿ ಪುಡಿ ಹಾಕ್ಲೇನ್ರಿ?"

ಕಿಂಡಿಯ ಮುಂದೆ ಮಜ್ಜಿಗೆ ಇಸಿದುಕೊಳ್ಳುತ್ತಿದ್ದ ವೀರಬಸಮ್ಮ ತಂಬಿಗೆ ಅಲ್ಲೇ ಬಿಟ್ಟು, ಸೆರಗು ತಲೆ ಮೇಲೆ ಹೊದ್ದು ಓಡಿ ಬಂದಳು.

"ಸುಮ್ನಿರಬೇ, ಕೈ ತಗಿ! ದೊಡ್ಡವರು ಬಂದಾರ. ಒಂಚೂರು ಬೆಲ್ಲ ಇಟ್ಟು, ಯಾವ ಕಡೆ ಹೊಂಟಾರ ಅಂತ ಮೊದಲು ನೋಡು!"