ಅಂಚಿನಲ್ಲಿ ಹೊಲಿದ ತೂಕ

ಮಾತಿಗೆ ಸೋತವರಿದ್ದಾರೆ, ಕಣ್ಣೀರಿಗೆ ಸೋತವರಿದ್ದಾರೆ. ಗಂಜಿಗೆ ಮಾತ್ರ ಸೋಲಬಾರದು ಎಂದು ಟೈಲರ್ ಮಾಸ್ಟರು ಹಲ್ಲು ಕಚ್ಚಿ ಕೂತಿದ್ದರು. (ಹಲ್ಲು ಕಟ್ಟಿಸಿದ್ದು ಎಂಬುದು ಬೇರೆ ಮಾತು. ಛಲ ಸ್ವಂತದ್ದು.)

ಸಂಗತಿ ಇಷ್ಟು. ಎಪ್ಪತ್ತಾರರ ಮಾಸ್ಟರಿಗೆ ಚಳಿಗಾಲದಲ್ಲಿ ಜ್ವರ ಬಂತು. ಹೋಗುವಾಗ ಅದು ಬರಿಗೈಯಲ್ಲಿ ಹೋಗದೆ ಮೈಮೇಲಿದ್ದ ಅಷ್ಟಿಷ್ಟು ಮಾಂಸವನ್ನೂ ಗಂಟು ಕಟ್ಟಿಕೊಂಡು ಹೋಯಿತು. ವಯಸ್ಸಾದವರನ್ನು ಮನೆಗೇ ಬಂದು ನೋಡುವ ನರ್ಸ್ ಒಬ್ಬರು ಆರೋಗ್ಯ ಕೇಂದ್ರದಲ್ಲಿದ್ದರು. ಎಲ್ಲರಿಗೂ ಅವರು ಸಿಸ್ಟರ್. ಕಂಕುಳಲ್ಲಿ ತೂಕದ ಯಂತ್ರ ಇರುಕಿಕೊಂಡು ಬಂದ ಸಿಸ್ಟರ್, ಮಾಸ್ಟರನ್ನು ಅದರ ಮೇಲೆ ನಿಲ್ಲಿಸಿ, ಮುಳ್ಳು ನೋಡಿ ತೀರ್ಪು ಕೊಟ್ಟರು. ತೂಕ ಏರುವ ತನಕ ಅಂಗಡಿಯ ಕಡೆ ತಲೆ ಹಾಕುವಂತಿಲ್ಲ. ದಾರಿಯಲ್ಲಿ ತಲೆ ತಿರುಗಿ ಬಿದ್ದರೆ ಈ ಮೈಯಲ್ಲಿ ಮೂಳೆ ಕೂಡಿಕೊಳ್ಳುವ ತ್ರಾಣವಿಲ್ಲ.

ಅವರ ಹೊಲಿಗೆ ಅಂಗಡಿ ಅದೇ ಬೀದಿಯ ತುದಿಯಲ್ಲಿತ್ತು. ಈಗ ಅದನ್ನು ನಡೆಸುವವಳು ಮಗಳು. ಹೊಲಿಗೆ ಯಂತ್ರಗಳು ಅವಳವು, ಗಿರಾಕಿಗಳು ಅವಳವರು, ಬೀಗವೂ ಅವಳದೇ. ಕಿಟಕಿಯ ಬಳಿಯ ಕಟಿಂಗ್ ಮೇಜು ಮಾತ್ರ ಮಾಸ್ಟರದ್ದು. ಕೋಟಿನ ಬಟ್ಟೆಗೆ ಕತ್ತರಿ ಇಡುವ ಹಕ್ಕನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆ ಮೇಜಿನ ಮೇಲೆ ಈಗ ಇಸ್ತ್ರಿಗೆ ಬಂದ ಬಟ್ಟೆಗಳ ರಾಶಿ ಬಿದ್ದಿದೆಯೆಂದು ಜ್ವರ ವಿಚಾರಿಸಲು ಬಂದ ಗಿರಾಕಿಯೊಬ್ಬ ಬಾಯಿಬಿಟ್ಟಿದ್ದ. ಮಾಸ್ಟರಿಗೆ ಆವತ್ತಿನಿಂದ ನಿದ್ದೆ ಹತ್ತಲಿಲ್ಲ. ರಾಶಿ ಒಮ್ಮೆ ಬಿತ್ತೆಂದರೆ ಅದು ಅಲ್ಲೇ ಬೇರು ಬಿಡುತ್ತದೆ ಎಂಬುದು ಅವರ ಅನುಭವ. ಮೇಜು ಹೋದರೆ ತಾವು ಟೈಲರ್ ಮಾಸ್ಟರಲ್ಲ, ಮನೆಯಲ್ಲಿ ಕೂತಿರುವ ಒಬ್ಬ ಮುದುಕ, ಅಷ್ಟೇ.

ಸಿಸ್ಟರ್ ತೀರ್ಪು ಕೊಟ್ಟು ಹೋದರು. ಜಾರಿಗೆ ತರುವ ಕೆಲಸವನ್ನು ಮಾಸ್ಟರ ಹೆಂಡತಿ ವಹಿಸಿಕೊಂಡರು. ಬೆಳಿಗ್ಗೆ ಗಂಜಿ, ಗಂಜಿ ಇಳಿಯುವ ಮೊದಲೇ ಇನ್ನೊಂದು ಗಂಜಿ, ನಡುವೆ ಹಣ್ಣಿನ ರಸ, ಅದರ ಹಿಂದೆಯೇ ಹಾಲು. ಆಕೆ ಬಟ್ಟಲು ಹಿಡಿದು ಎದುರು ನಿಂತರೆ ಜಪ್ತಿಗೆ ಬಂದ ಕೋರ್ಟಿನ ಅಮೀನ ನಿಂತ ಹಾಗಿರುತ್ತಿತ್ತು.

"ನನಗೆ ಹಸಿವಿಲ್ಲ ಕಣೇ."

"ಹಸಿವಾದ್ರೆ ಯಾರು ಬೇಕಾದ್ರೂ ತಿಂತಾರೆ ರೀ. ಹಸಿವಿಲ್ಲದೆ ತಿನ್ನೋದ್ರಲ್ಲಿದೆ ಗಂಡಸುತನ."

"ಕೂತಲ್ಲೇ ಕೂರಿಸಿದ್ರೆ ಹಸಿವು ಎಲ್ಲಿಂದ ಬರುತ್ತೆ? ಅಂಗಡಿಗೆ ಬಿಡು, ಬರುತ್ತೆ."

"ತೂಕ ಬರಲಿ, ಬಿಡ್ತೀನಿ."

ಹೀಗೆ ಹಸಿವು ಅಂಗಡಿಯಲ್ಲಿ, ಅಂಗಡಿ ತೂಕದಲ್ಲಿ, ತೂಕ ಗಂಜಿಯಲ್ಲಿ, ಗಂಜಿ ಮತ್ತೆ ಹಸಿವಿನಲ್ಲಿ ಸಿಕ್ಕಿಕೊಂಡು ಗಾಣದೆತ್ತಿನಂತೆ ಸುತ್ತುತ್ತಿತ್ತು. ಈ ಸುತ್ತನ್ನು ಎಲ್ಲಾದರೊಂದು ಕಡೆ ಕತ್ತರಿಸಬೇಕು. ಕತ್ತರಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ ಎಂದು ಮಾಸ್ಟರು ಬಲವಾಗಿ ನಂಬಿದ್ದರು.

ಉಪಾಯ ಹೊಳೆದದ್ದು ಕಿಟಕಿಯ ಪರದೆ ನೋಡುತ್ತ ಕೂತಾಗ. ಹಗುರ ಬಟ್ಟೆಯ ಪರದೆ ಗಾಳಿಗೆ ಹಾರಾಡುತ್ತದೆ, ನೆಟ್ಟಗೆ ಇಳಿಬೀಳುವುದಿಲ್ಲ. ಅದಕ್ಕೆ ಯಾರೂ ಗಂಜಿ ಕುಡಿಸುವುದಿಲ್ಲ. ಕೆಳಗಿನ ಅಂಚಿನ ಮಡಿಕೆಯೊಳಗೆ ಸೀಸದ ಬಿಲ್ಲೆ ಇಟ್ಟು ಹೊಲಿದುಬಿಟ್ಟರೆ ಮುಗಿಯಿತು. ಒಳ್ಳೆಯ ಕೋಟಿನ ಅಂಚಿಗೂ ಇದೇ ಮದ್ದು. ಪರದೆಗೆ ಸಲ್ಲುವ ನ್ಯಾಯ ಮಾಸ್ಟರಿಗೇಕೆ ಸಲ್ಲಬಾರದು? ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ಬಿಲ್ಲೆಗಳ ಡಬ್ಬಿ ಇತ್ತು. ಮಧ್ಯಾಹ್ನ ಹೆಂಡತಿ ಅಡ್ಡಾದ ಹೊತ್ತು ನೋಡಿ ಮಾಸ್ಟರು ತಮ್ಮ ಬೂದು ಪ್ಯಾಂಟಿನ ಎರಡೂ ಕಾಲುಗಳ ಅಂಚು ಬಿಚ್ಚಿ, ಬಿಲ್ಲೆಗಳನ್ನು ಸಾಲಾಗಿ ಕೂರಿಸಿ, ಕೈಹೊಲಿಗೆ ಹಾಕಿದರು. ಸೊಂಟದ ಪಟ್ಟಿಯೊಳಗೂ ಒಂದು ಸುತ್ತು ಹೋಯಿತು. ಹೊರಗಿನಿಂದ ನೋಡಿದರೆ ಒಂದು ನೂಲು ಕಾಣದು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಯಾರಿಗೂ ತೋರಿಸುವಂತಿಲ್ಲವಲ್ಲ ಎಂಬುದೊಂದೇ ಅವರ ಕೊರಗು.

ಸಿಸ್ಟರ್ ಬಂದರು, ನಿಲ್ಲಿಸಿದರು, ಮುಳ್ಳು ಏರಿತು. ಮಾಸ್ಟರ ಮುಖದ ಮೇಲೆ ಗೆಲುವಿನ ಕಳೆ ಮೂಡುವಷ್ಟರಲ್ಲಿ ಹೆಂಡತಿ ಅದನ್ನು ಕಿತ್ತುಕೊಂಡರು.

"ನೋಡಿದ್ರಾ ಸಿಸ್ಟರ್, ನನ್ನ ಗಂಜಿ," ಎಂದು ಆಕೆ ಸೆರಗಿನಿಂದ ಹಣೆ ಒರೆಸಿಕೊಂಡರು. ಸಿಸ್ಟರ್ ಆಕೆಯ ಕೈ ಕುಲುಕಿದರು. ಅಂಗಡಿಗೆ ಅಪ್ಪಣೆ ಸಿಕ್ಕಿತು. ಜೊತೆಗೆ, ಇಷ್ಟು ಗುಣ ಕೊಟ್ಟ ಗಂಜಿಯನ್ನು ನಿಲ್ಲಿಸುವುದು ಬೇಡ, ಸ್ವಲ್ಪ ಹೆಚ್ಚಿಸಿ ಎಂಬ ಸಲಹೆಯೂ ಸಿಕ್ಕಿತು.

ಇರಲಿ. ಮಾಸ್ಟರು ಮರುದಿನವೇ ಅಂಗಡಿಗೆ ಹೋಗಿ, ಮೇಜಿನ ಮೇಲಿನ ರಾಶಿಯನ್ನು ಒಂದೇ ತೆಕ್ಕೆಗೆ ಎತ್ತಿ ಮಗಳ ಮಡಿಲಿಗೆ ಹಾಕಿದರು. ಅವಳು ಅಪ್ಪನ ಮುಖ ನೋಡಿ ಕತ್ತರಿ ತಂದುಕೊಟ್ಟಳು.

ತೊಂದರೆ ಒಂದೇ. ಇಂಥ ದಿನ ಬರುತ್ತೇನೆಂದು ಹೇಳಿ ಬರುವ ಪದ್ಧತಿ ಸಿಸ್ಟರಿಗೆ ಇರಲಿಲ್ಲ. ಮನೆಯಲ್ಲಿ ಇಲ್ಲದಿದ್ದರೆ ಅಂಗಡಿಗೇ ಯಂತ್ರ ಹೊತ್ತು ಬರುವ ಹೆಂಗಸು. ಹಾಗಾಗಿ ಬೂದು ಪ್ಯಾಂಟು ದಿನವೂ ಮೈಮೇಲೆ ಇರಲೇಬೇಕಾಯಿತು. ಮೊದಮೊದಲು ಬೀದಿ ದಾಟುವಷ್ಟರಲ್ಲಿ ಮೊಣಕಾಲು ಅಳುತ್ತಿತ್ತು. ಕಾಲಿಗೆ ಬೇಡಿ ಹಾಕಿದ ಕೈದಿ ಬಿಡುಗಡೆಯ ಸಂಭ್ರಮದಲ್ಲಿ ನಡೆದ ಹಾಗೆ ಮಾಸ್ಟರು ಎದೆ ಸೆಟೆದು, ಕಾಲು ಎಳೆದು ನಡೆದರು. ಒಗೆಯಲು ಹೆಂಡತಿಯ ಕೈಗೆ ಕೊಡುವಂತಿಲ್ಲವಾದ್ದರಿಂದ ಪ್ಯಾಂಟನ್ನು ತಾವೇ ಒಗೆದುಕೊಂಡರು. ಮದುವೆಯಾದಾಗಿನಿಂದ ಕರವಸ್ತ್ರ ಹಿಂಡದ ಗಂಡ ಪ್ಯಾಂಟು ಒಗೆಯುವುದನ್ನು ಕಂಡ ಹೆಂಡತಿ, ಇದೂ ಗಂಜಿಯ ಪ್ರತಾಪವೇ ಎಂದು ಅಕ್ಕಪಕ್ಕದ ಮನೆಗಳಿಗೆ ವಿಧಾನ ಹೇಳಿಕೊಟ್ಟರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಮಾಸ್ಟರ ಕೈಗೆ ಒಂದು ಅಭ್ಯಾಸ ಇತ್ತು. ಅಳತೆ ಎಷ್ಟೇ ಇರಲಿ, ಒಳಗೆ ಒಂದಿಷ್ಟು ಹೆಚ್ಚು ಬಟ್ಟೆ ಬಿಡದೆ ಅವರು ಕತ್ತರಿ ಆಡಿಸಿದವರಲ್ಲ. ಮುಂದೆ ಗಿರಾಕಿ ದಪ್ಪಗಾದರೆ ಬಿಚ್ಚಿ ಹೊಲಿಯಲು ಬೇಕಲ್ಲ. ಮುಂದಿನ ತೂಕಕ್ಕೆ ಬಿಲ್ಲೆ ಸೇರಿಸುವಾಗಲೂ ಆ ಕೈ ಸುಮ್ಮನಿರಲಿಲ್ಲ. ಬೇಕಾದಷ್ಟು ಹಾಕಿತು. ಯಾವುದಕ್ಕೂ ಇರಲಿ ಎಂದು ಇನ್ನಷ್ಟು ಹಾಕಿತು. ಇನ್ನು ಮೇಲೆ ಯಾರೂ ತೂಕದ ಮಾತೆತ್ತಬಾರದು ಎಂದು ಡಬ್ಬಿಯನ್ನೇ ಬರಿದು ಮಾಡಿತು.

ಸಿಸ್ಟರ್ ಒಂದು ಬೆಳಿಗ್ಗೆ, ಮಾಸ್ಟರು ಅಂಗಡಿಗೆ ಹೊರಡುವ ಮೊದಲೇ ಬಂದರು. ಮಾಸ್ಟರು ಯಂತ್ರದ ಮೇಲೆ ಸಿಂಹಾಸನವೇರಿದಂತೆ ಏರಿದರು. ಮುಳ್ಳು ಎಲ್ಲಿಗೆ ಹೋಯಿತೆಂದರೆ, ಸಿಸ್ಟರ್ ಮೊದಲು ಯಂತ್ರವನ್ನು ಅಲುಗಾಡಿಸಿ ನೋಡಿದರು. ಇಳಿಸಿ ಮತ್ತೆ ಹತ್ತಿಸಿದರು. ಆಮೇಲೆ ಮಾಸ್ಟರ ಗುಳಿಬಿದ್ದ ಕೆನ್ನೆ ನೋಡಿದರು, ಕೊರಳ ಮೂಳೆ ನೋಡಿದರು. ಅವರ ಮುಖದ ನಗು ಹೋಯಿತು.

"ಅಮ್ಮಾ, ಇದು ಊಟದಿಂದ ಬಂದ ತೂಕ ಅಲ್ಲ," ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. "ಇಷ್ಟು ಬೇಗ ಇಷ್ಟು ಏರಿದ್ರೆ ಮೈಯಲ್ಲಿ ನೀರು ತುಂಬ್ತಿದೆ ಅಂತ ಅರ್ಥ. ಹೃದಯ ಸೋತಾಗ ಹೀಗಾಗುತ್ತೆ. ಕಾಲು ಬಾತಿದೆಯಾ ನೋಡ್ಬೇಕು. ಇವತ್ತೇ ಆಸ್ಪತ್ರೆಗೆ ಸೇರಿಸೋಣ."

ಮಾಸ್ಟರು ಯಂತ್ರದಿಂದ ಇಳಿದವರೇ ಗೋಡೆಗೆ ಒರಗಿದರು. ಮೇಜು ಉಳಿಸಿಕೊಳ್ಳಲು ಹೊಲಿದ ಹೊಲಿಗೆ ಆಸ್ಪತ್ರೆಯ ಮಂಚಕ್ಕೆ ತಂದು ನಿಲ್ಲಿಸಿತ್ತು. ತಾವು ಗುಂಡುಕಲ್ಲಿನ ಹಾಗಿದ್ದೇವೆಂದೂ, ಸೋತದ್ದು ಹೃದಯವಲ್ಲ ಯಂತ್ರವೆಂದೂ, ಕಾಲು ತೋರಿಸುವ ಪ್ರಶ್ನೆಯೇ ಇಲ್ಲವೆಂದೂ ಅವರು ವಾದಿಸಿದರು. ಸಿಸ್ಟರ್ ಆಸ್ಪತ್ರೆಗೆ ಫೋನು ಮಾಡಲು ಎದ್ದರು. ಅಷ್ಟರಲ್ಲಿ ಹೆಂಡತಿ, ಮಂಡಿನೋವಿನಿಂದ ನೆಲಕ್ಕೆ ಕೂರದಾಕೆ, ಗಂಡನ ಕಾಲ ಬುಡದಲ್ಲಿ ಕೂತಾಗಿತ್ತು. ಬಾವು ನೋಡಲು ಪ್ಯಾಂಟಿನ ಅಂಚು ಹಿಡಿದು ಮೇಲೆತ್ತಿದರು. ಅಂಚು ಕೈಯಿಂದ ಜಾರಿ ಠಕ್ಕನೆ ನೆಲಕ್ಕೆ ಬಡಿಯಿತು.

ಆಕೆ ಇನ್ನೊಂದು ಕಾಲಿನ ಅಂಚನ್ನು ಎರಡು ಬೆರಳ ನಡುವೆ ಹಿಡಿದು, ಅವರೆಕಾಯಿ ಒತ್ತಿ ನೋಡುವಂತೆ ಒತ್ತುತ್ತ ಹೋದರು. ಟೈಲರನ ಹೆಂಡತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸಿಸ್ಟರ್, ಫೋನು ಇಡಿ. ಇವರಿಗೆ ತುಂಬಿರೋದು ನೀರಲ್ಲ, ಸೀಸ."

ಆ ಮೇಲಿನ ಹೊತ್ತನ್ನು ವರ್ಣಿಸುವುದು ಬೇಡ. ಮಾಸ್ಟರು ಟವೆಲು ಸುತ್ತಿಕೊಂಡು ಯಂತ್ರದ ಮೇಲೆ ನಿಂತರು. ಪ್ಯಾಂಟು ಪಕ್ಕದ ಕುರ್ಚಿಯಲ್ಲಿ ಮಾಲು ಸಮೇತ ಸಿಕ್ಕಿಬಿದ್ದ ಕಳ್ಳನಂತೆ ಕೂತಿತ್ತು. ಹೆಂಡತಿ ಬೈಯುತ್ತಲೇ ಇದ್ದರು. ತಮ್ಮನ್ನು ಹೆದರಿಸಿದ್ದಕ್ಕಿಂತ, ಗಂಜಿಗೆ ಸಲ್ಲದ ಕೀರ್ತಿ ಸಲ್ಲಿಸಿ ಅಕ್ಕಪಕ್ಕದಲ್ಲಿ ತಮ್ಮ ಮಾನ ಕಳೆದದ್ದು ಆಕೆಗೆ ಹೆಚ್ಚು ಉರಿದಿತ್ತು.

ಮಾಸ್ಟರು ಬಗ್ಗಲಿಲ್ಲ. ಟವೆಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

"ಮಾಡಿದ್ದು ಮೋಸ, ಒಪ್ಪಿದೆ. ಮತ್ತೆ ಕೂರಿಸಿದ್ರೆ ಮತ್ತೆ ಮಾಡ್ತೀನಿ. ನನ್ನನ್ನ ಅಂಗಡಿಯಿಂದ ತಂದು ಕುರ್ಚಿಯಲ್ಲಿಟ್ಟು, ಯಾಕೆ ಒಣಗ್ತಿದೀಯ ಅಂತ ಕೇಳಿದ್ರೆ ಏನು ಹೇಳ್ಲಿ? ಕತ್ತರಿ ಹಿಡಿದು ಬಿದ್ದು ಸತ್ರೆ ಸಾಯ್ತೀನಿ ಸಿಸ್ಟರ್, ಬಟ್ಟಲು ಹಿಡಿದು ಬದುಕಲ್ಲ."

ಸಿಸ್ಟರ್ ಅವರ ಮಾತಿಗಿಂತ ಮುಳ್ಳಿನ ಕಡೆ ಹೆಚ್ಚು ಗಮನ ಕೊಟ್ಟಿದ್ದರು. ಟವೆಲಿನಲ್ಲಿ ನಿಂತ ಮಾಸ್ಟರ ಸಾಚಾ ತೂಕವೂ ಜ್ವರದ ಕಾಲಕ್ಕಿಂತ ಸ್ವಲ್ಪ ಏರಿತ್ತು. ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ ಎಂದರು. ಮಾಸ್ಟರು ಎದ್ದರು, ಕೇಳದೆಯೇ ಕೂತು ಮತ್ತೆ ಎದ್ದರು, ಸಾಕು ಎಂದರೂ ಇನ್ನೊಮ್ಮೆ ಎದ್ದರು. ಸಿಸ್ಟರ್ ಅಂಗಡಿಯಲ್ಲಿದ್ದ ಮಗಳಿಗೆ ಫೋನು ಮಾಡಿ ವಿಚಾರಿಸಿದರು. ಅಪ್ಪ ಮಧ್ಯಾಹ್ನದ ಡಬ್ಬಿಯಲ್ಲಿ ಅಗುಳು ಬಿಡುವುದಿಲ್ಲ, ಒಮ್ಮೊಮ್ಮೆ ನನ್ನ ಡಬ್ಬಿಗೂ ಕೈ ಹಾಕುತ್ತಾನೆ ಎಂದು ಅವಳು ಹೇಳಿದಳು. ಭಾರ ಹೊತ್ತು ದಿನವೂ ನಡೆದದ್ದರಿಂದ ಕಾಲಿಗೆ ಬಲ ಬಂದಿದೆ, ಕೆಲಸದಿಂದ ಹಸಿವು ಬಂದಿದೆ, ಊಟ ತಾನಾಗಿ ಹೊಟ್ಟೆಗೆ ಹೋಗುತ್ತಿದೆ ಎಂದು ಸಿಸ್ಟರ್ ಒಪ್ಪಿದರು. ಸೀಸ ತೆಗೆಯಿರಿ, ಎಡವಿ ಬೀಳುತ್ತೀರಿ. ಕಾಲಿಗೆ ಕಟ್ಟಲು ಹಗುರಾದ ಮರಳು ಚೀಲ ನಾನೇ ಕೊಡುತ್ತೇನೆ. ಅಂಗಡಿಗೆ ಹೋಗಿ, ಎಂದರು.

ಮಾಸ್ಟರು ಗೆದ್ದಿದ್ದರು. ಗೆದ್ದವರು ಸುಮ್ಮನೆ ಒಳಗೆ ಹೋಗಿ ಬೇರೆ ಪ್ಯಾಂಟು ಹಾಕಿಕೊಳ್ಳಬೇಕಿತ್ತು. ಅವರು ಬಾಗಿಲಲ್ಲಿ ನಿಂತು ತಿರುಗಿದರು.

"ನನ್ನನ್ನೇ ಎಷ್ಟು ಸಲ ತೂಗ್ತೀರ ಸಿಸ್ಟರ್? ಇವಳನ್ನೂ ಒಂದ್ಸಲ ಹತ್ತಿಸಿ. ಗಂಜಿ ರುಚಿ ನೋಡಿ ನೋಡಿ ಯಂತ್ರ ಮುರಿಯೋ ಹಾಗಾಗಿರ್ತಾಳೆ."

"ನಾನು ಯಾಕೆ ಹತ್ಲಿ? ನನಗೇನಾಗಿದೆ?" ಎಂದು ಹೆಂಡತಿ ಸೆರಗು ಎಳೆದುಕೊಂಡರು. ಆದರೆ ಸಿಸ್ಟರ್ ಆಗಲೇ ಕೈ ಹಿಡಿದು ಹತ್ತಿಸಿಬಿಟ್ಟಿದ್ದರು.

ಮುಳ್ಳು ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಸಿಸ್ಟರ್ ಬಗ್ಗಿ ನೋಡಿದರು. ಮಾಸ್ಟರೂ ಬಂದು ಬಗ್ಗಿ ನೋಡಿದರು. ಬೀದಿಯಲ್ಲಿ ಹೋಗುವವನ ಸೊಂಟವನ್ನು ಕಣ್ಣಳತೆಯಲ್ಲೇ ಹೇಳುವ ಮನುಷ್ಯ, ಹೆಂಡತಿಯ ರವಿಕೆಯ ತೋಳು ಜೋಲುತ್ತಿರುವುದನ್ನು ಆಗ ನೋಡಿದರು.

ಸಿಸ್ಟರ್ ಕೇಳುತ್ತ ಹೋದರು. ಆಕೆ ಮೊದಲು ಹಾರಿಕೆಯ ಉತ್ತರ ಕೊಟ್ಟು, ಆಮೇಲೆ ನಿಜ ಹೇಳಿದರು. ಇವರು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ತಾನು ಒಬ್ಬಳೇ. ಒಬ್ಬಳಿಗೋಸ್ಕರ ಏನು ತಟ್ಟೆ ಹಾಕಿಕೊಂಡು ಕೂರುವುದು? ಒಲೆಯ ಹತ್ತಿರ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಂಡರೆ ಆಯಿತು. ಕೆಲವು ದಿನ ಅದೂ ಮರೆತುಹೋಗುತ್ತದೆ.

"ಇವರು ತಿನ್ನಲ್ಲ ಅಂತ ಊರೆಲ್ಲ ಬಂದು ನೋಡ್ತು," ಎಂದು ಆಕೆ ಯಂತ್ರದಿಂದ ಇಳಿಯುತ್ತ ಹೇಳಿದರು. "ನನ್ನ ಯಾರೂ ತೂಗ್ಲಿಲ್ಲ."

ಮಾಸ್ಟರು ಟವೆಲಿನ ಗಂಟು ಬಿಗಿ ಮಾಡಿಕೊಂಡರು. ಟವೆಲಿನಲ್ಲಿರುವ ಗಂಡಸಿಗೆ ಒಳ್ಳೆಯ ಉತ್ತರಗಳು ಹೊಳೆಯುವುದು ಕಷ್ಟ. ಸಿಸ್ಟರ್ ಮಾತ್ರ ತಡ ಮಾಡಲಿಲ್ಲ. ಇಬ್ಬರ ಮದ್ದೂ ಒಂದೇ ಎಂದರು. ಅಮ್ಮನೂ ದಿನವೂ ಅಂಗಡಿಗೆ ನಡೆದು ಹೋಗಲಿ. ಇಬ್ಬರೂ ಅಲ್ಲೇ ಎದುರುಬದುರು ಕೂತು ಊಟ ಮಾಡಲಿ.

ಅಂಗಡಿ ಚಿಕ್ಕದು ಎಂದರು ಮಾಸ್ಟರು. ನೂಲಿನ ಧೂಳು ಅವಳಿಗೆ ಆಗುವುದಿಲ್ಲ ಎಂದರು. ಇಸ್ತ್ರಿಯ ಕಾವು, ಯಂತ್ರದ ಸದ್ದು, ಗಿರಾಕಿಗಳ ಗಲಾಟೆ, ಎಲ್ಲವನ್ನೂ ಹೆಸರಿಸಿದರು. ಆಕೆ ಕೇಳುವಷ್ಟು ಕೇಳಿದರು.

"ಬಿಡಲ್ಲ ಅಂದ್ರೆ ಹೇಳಿಬಿಡಿ. ನನಗೂ ಹೊಲಿಗೆ ಬರುತ್ತೆ. ಆ ಸೀಸ ಎಲ್ಲಿಟ್ಟಿದೀರ?"

ಮರುದಿನದಿಂದ ಗಂಡ ಹೆಂಡತಿ ಒಟ್ಟಿಗೆ ಬೀದಿ ದಾಟಿದರು. ಮಗಳು ಖುಷಿಯಿಂದ ಅಮ್ಮನಿಗೆ ಕುರ್ಚಿ ಹಾಕಿದಳು. ಅಂಗಡಿಯಲ್ಲಿ ಜಾಗ ಇದ್ದದ್ದು ಕಿಟಕಿಯ ಬಳಿ, ಕಟಿಂಗ್ ಮೇಜಿನ ಪಕ್ಕ. ಒಂದು ವಾರದೊಳಗೆ ಮೇಜಿನ ಅರ್ಧ ಡಬ್ಬಿಗಳಿಗೆ ಹೋಯಿತು. ಉಳಿದರ್ಧದಲ್ಲಿ ಮಾಸ್ಟರು ಕೋಟು ಕತ್ತರಿಸಬೇಕು, ಅದೂ ಊಟ ಮುಗಿದ ಮೇಲೆ.

ಒಂದು ಮಧ್ಯಾಹ್ನ ಸಣಕಲು ಮೈಯ ಗಿರಾಕಿಯೊಬ್ಬ ಕೋಟಿನ ಬಟ್ಟೆ ಹಿಡಿದು ಬಂದ. ಮಾಸ್ಟ್ರು ಇದಾರಾ ಎಂದು ಕೇಳಿದ.

"ಊಟಕ್ಕೆ ಕೂತಿದಾರೆ," ಎಂದರು ಆಕೆ. "ಏನಾಗ್ಬೇಕು, ನನಗೆ ಹೇಳಿ."

ಸೊಂಟದ ಹತ್ತಿರ ಬಿಗಿಯಾಗಿ ಬರಬೇಕು ಎಂದ ಗಿರಾಕಿ. ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಟ್ಟೆಯನ್ನು ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟು, ಇನ್ನೊಂದು ತಟ್ಟೆ ಎಳೆದರು.

"ಈ ಮೈಗೆ ಏನು ಬಿಗಿ ಮಾಡೋದಪ್ಪ? ಕೂತ್ಕೋ. ಮೊದಲು ಊಟ ಮಾಡು, ಅಳತೆ ಆಮೇಲೆ ತಗೋತಾರೆ."

ಗಿರಾಕಿ ಗಾಬರಿಯಿಂದ ಮಾಸ್ಟರ ಮುಖ ನೋಡಿದ. ಈ ಅಂಗಡಿಯಲ್ಲಿ ಅಳತೆಯ ವಿಷಯದಲ್ಲಿ ಕೊನೆಯ ಮಾತು ಯಾರದು ಎಂಬುದನ್ನು ಅಲ್ಲೇ, ಆಗಲೇ ಸ್ಪಷ್ಟಪಡಿಸಬೇಕೆಂದು ಮಾಸ್ಟರು ತಲೆ ಎತ್ತಿದರು. ಆದರೆ ಬಾಯಿ ತುಂಬ ತುತ್ತಿತ್ತು. ಅದನ್ನು ಅವರು ನುಂಗುವಷ್ಟರಲ್ಲಿ ಗಿರಾಕಿ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಿದ್ದ.