ಬ್ರೇಕ್ ತುಳಿದ್ರ ಮಲಗೋ ವೈಪರ್

ನಾ ವಿಜಯಪುರದಾಗ ಹೆಣ ಒಯ್ಯೋ ವ್ಯಾನ್ ಹೊಡಿತೇನ್ರಿ. ದವಾಖಾನಿಯಿಂದ ಮಂದಿನ್ನ ಕಡೀ ಸಲ ಅವರವರ ಊರು ಮುಟ್ಟಸೂದು ನನ್ನ ಕೆಲಸ. ಇಂಥಾ ಗಾಡ್ಯಾಗ ನಗಬಾರದು ಅನ್ನೂದು ನನಗೂ ಗೊತ್ತೈತಿ. ಆದ್ರ ನಗಿ ಏನ್ ಹೇಳಿ ಕೇಳಿ ಬರ್ತೈತೇನ್ರಿ? ಅಳೂ ಮಂದಿ ನಡುವನ ಬಂದು ಕುಂದರ್ತೈತಿ.

೧. ಟ್ರ್ಯಾಕ್ಟರಿನ ಸ್ವಿಚ್ಚು

ಮಳಿಗಾಲ ಸುರು ಆಗೂ ಹೊತ್ತಿಗೆ ವೈಪರಿನ ಸ್ವಿಚ್ ಸುಟ್ಟು ಹೋತು. ಗಾಡಿ ಹಳೇದು. ಗಾಂಧಿ ಚೌಕದಾಗ ಅಂಗಡಿ ಅಂಗಡಿ ತಿರುಗಿದ್ರೂ ಅದಕ್ಕ ಹೊಂದೂದು ಸಿಗಲಿಲ್ಲ. ಕಡೀಕ ವಾಯರಿಂಗ್ ಮೇಸ್ತ್ರಿ ಒಂದು ಟ್ರ್ಯಾಕ್ಟರ್ ಲೈಟಿನ ಸ್ವಿಚ್ ತಂದು ಕೂಡ್ರಿಸಿದ. ವೈಪರಿಂದ ಬಂದ ವಾಯರ್ ಜಾಸ್ತಿ, ಸ್ವಿಚ್ಚಿನಾಗ ಜಾಗ ಕಡಿಮಿ. ಒಂದು ವಾಯರ್ ಉಳೀತು. ಬಂದ್ ಮಾಡಿದಾಗ ವೈಪರನ್ನ ಕೆಳಗ ತಂದು ಮಲಗಸೋ ವಾಯರ್ ಅದು. ಮೇಸ್ತ್ರಿ ಅದನ್ನ ಬ್ರೇಕ್ ಲೈಟಿನ ವಾಯರಿಗೆ ಜೋಡಿಸಿ ಟೇಪ್ ಸುತ್ತಿಬಿಟ್ಟ.

"ಇನ್ನ ಬಂದ್ ಮಾಡಿದ್ರ ವೈಪರ್ ನಡುವನ ನಿಂದರ್ತೈತಿ. ಬ್ರೇಕ್ ತುಳೀರಿ, ಮಲಗ್ತೈತಿ," ಅಂದ.

"ಇದೆಂಥಾ ಪದ್ಧತಿ ಮಾರಾಯ? ಗಾಡ್ಯಾಗಿನ ಮಂದಿ ಏನಂದಾರು?"

ಅವ ತಲಿ ಎತ್ತಲಾರ್ದ ಕೇಳಿದ, "ನಿಮ್ಮ ಗಾಡ್ಯಾಗಿನ ಮಂದಿ ಇಲ್ಲೀತನಾ ಏನರ ಅಂದಾರೇನ್ರಿ?"

೨. ಮಗ್ಗಲಾ ಹೊಳ್ಳದಾಂವ

ಬಿಜ್ಜರಗಿಯ ಒಬ್ಬ ಮುದುಕ ತೀರಿಕೊಂಡಿದ್ದ. ಹಿಂದ ಸ್ಟ್ರೆಚರಿನ ಮ್ಯಾಲೆ ಅವ, ಬಾಜೂಕ ಅವನ ಹೆಂಡ್ತಿ ಮತ್ತ ಮಗ. ತಿಕೋಟಾ ದಾಟಿದ ಮ್ಯಾಲೆ ಜಿಟಿಜಿಟಿ ಮಳಿ. ಬರ್ತೈತಿ, ನಿಂದರ್ತೈತಿ. ನಿಂತಾಗೊಮ್ಮೆ ನಾ ವೈಪರ್ ಬಂದ್ ಮಾಡಾಂವ, ಅದು ಕಣ್ಣಿನ ಮುಂದ ಕೋಲಿನಂಗ ನಿಂದರೂದು, ನಾ ಬ್ರೇಕ್ ತುಳಿಯಾಂವ. ಹಿಂದ ಸ್ಟ್ರೆಚರ್ ಮುಂದಕ್ಕ ಜಾರೂದು, ಮತ್ತ ಹಿಂದಕ್ಕ ಹೋಗೂದು.

"ಡ್ರೈವರ್ ಸಾಹೇಬ್ರ, ಸಾವಕಾಶ ಹೊಡೀರಿ. ಅಪ್ಪ ಜಾರಾಕತ್ತಾನ," ಅಂದ ಮಗ.

ನನಗ ಭಾಳ ನಾಚಿಕಿ ಆತು. ದವಾಖಾನಿ ಬಿಟ್ಟಾಗಿಂದ ಒಂದು ಮಾತೂ ಆಡದ ಮುದುಕಿ ಆಗ ಬಾಯಿ ಬಿಟ್ಲು.

"ಇರ್ಲಿ ಬಿಡಪ್ಪ. ಜೀವ ಇದ್ದಾಗ ಹೊಲಕ್ಕ ಹೋಗ ಅಂದ್ರ ಮಗ್ಗಲಾ ಸೈತ ಹೊಳ್ಳಸ್ತಿದ್ದಿಲ್ಲ. ಇವತ್ತರ ಒಂದೀಟು ಓಡ್ಯಾಡ್ಲಿ."

ಹಂಗಂದಕಿ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು. ನಗಕೋತನ ಅಳಾಕ ಹತ್ತಿದ್ಲು.

೩. ಬಿಸಲಾಗ

ಒಂದಿನ ಸ್ವಿಚ್ ಸಿಕ್ಕೊಂಡು ಬಂದ್ ಆಗವಲ್ತು. ರಣಾ ಬಿಸಲು, ಬಬಲೇಶ್ವರದ ನಡು ರಸ್ತೆದಾಗ ವೈಪರ್ ಒಣಾ ಗಾಜು ಕರಾಕರಾ ತಿಕ್ಕಾಕತ್ತಿತ್ತು. ಪೊಲೀಸಪ್ಪ ಕೈ ಮಾಡಿ ನಿಲ್ಲಿಸಿದ.

"ಮಳಿ ಎಲ್ಲಿ ಬರಾಕತ್ತೈತ್ಯೋ?"

"ಎಲ್ಲೂ ಇಲ್ರಿ ಸಾಹೇಬ್ರ. ಬಂದ್ ಆಗವಲ್ತು."

"ಒಳಗ ಏನೈತಿ?"

"ಹೆಣ ಐತ್ರಿ."

ಅವ ಗಪ್ಪನ ಹಿಂದಕ್ಕ ಸರದು ಟೊಪಗಿ ಸರಿ ಮಾಡಿಕೊಂಡ. "ಹೋಗ ಹೋಗ. ಮಳಿ ಬರೂದ್ರಾಗ ಊರು ಮುಟ್ಟು," ಅಂದ.

೪. ಹಗ್ಗ

ಕಾಖಂಡಕಿಯ ಒಬ್ಬ ಮುದುಕಿಯನ್ನ ಒಯ್ಯಾಕತ್ತಿದ್ದೆ. ಇಬ್ರು ಗಂಡಮಕ್ಕಳು. ಹೊಲದ ಬದುವಿನ ಜಗಳಾ ಮಾಡಿಕೊಂಡು ವರ್ಷಗಟ್ಲೆ ಮಾತು ಬಿಟ್ಟಿದ್ರು. ಅಣ್ಣ ನನ್ನ ಬಾಜೂಕ ಕುಂತ. ತಮ್ಮ ನನ್ನ ಬೆನ್ನಿನ ಹಿಂದಿನ ಸೀಟಿನ್ಯಾಗ. ಅರ್ಧಾ ದಾರಿಗೆ ಮಳಿ ಬಡಿಯಾಕ ಹತ್ತಿತು. ಸ್ವಿಚ್ಚಿಂದ ಹೊಗಿ ಬಂತು, ವೈಪರ್ ಸತ್ತು ಹೋತು.

ಬಿಜ್ಜರಗಿಯ ಮುದುಕ ಜಾರಿದಾಗಿಂದ ಸ್ಟ್ರೆಚರ್ ಕಟ್ಟಾಕಂತ ಒಂದು ಹಗ್ಗ ಇಟ್ಟಿದ್ದೆ. ಅದನ್ನ ವೈಪರಿಗೆ ಕಟ್ಟಿ, ಒಂದು ತುದಿ ಎಡಗಡಿ ಕಿಡಕ್ಯಾಗಿಂದ ಅಣ್ಣನ ಕೈಯಾಗ ಕೊಟ್ಟೆ, ಇನ್ನೊಂದು ಬಲಗಡಿ ಕಿಡಕ್ಯಾಗಿಂದ ತಮ್ಮನ ಕೈಯಾಗ. ಒಬ್ಬ ಎಳೀಬೇಕು, ಇನ್ನೊಬ್ಬ ಬಿಡಬೇಕು.

"ಅವಗ ಎಳಿ ಅಂತ ಹೇಳ್ರಿ," ಅಂದ ಅಣ್ಣ.

"ಮೊದ್ಲ ಬಿಡು ಅಂತ ಹೇಳ್ರಿ ಅವಗ," ಅಂದ ತಮ್ಮ.

ನಾ ಸ್ಟೀರಿಂಗ್ ಹಿಡೀಲೋ, ಇವರ ಮಾತು ಹೊರಲೋ? ಅಷ್ಟ್ರಾಗ ಎದುರಿಂದ ಟಿಪ್ಪರಿನ ಹಾರ್ನ್ ಕೇಳಿತು. ಗಾಜಿನ್ಯಾಗ ಏನೂ ಕಾಣವಲ್ತು.

"ಎಳಿಯೋ ತಮ್ಮಾ," ಅಂತ ಅಣ್ಣ ಒದರಿದ.

"ನೀ ಬಿಡೋ ಅಣ್ಣಾ," ಅಂತ ತಮ್ಮ ಒದರಿದ.

ಗಾಜು ತಿಳಿ ಆತು, ನಾ ಬಾಜೂಕ ತಗೊಂಡೆ. ಟಿಪ್ಪರ್ ಮೈ ಸವರಿಕೊಂಡಂಗ ಹೋತು. ಆಮ್ಯಾಲೆ ಅವ್ರಿಗೆ ನಾ ಬೇಕಾಗಲಿಲ್ಲ. ಎಳೀತಾರ, ಬಿಡ್ತಾರ, ಬೈದಾಡ್ತಾರ. ಒಂದೀಟು ಹೊತ್ತಿನ ಮ್ಯಾಲೆ ಅಣ್ಣ ಮೆಲ್ಲಕ ಕೇಳಿದ, "ಅವ್ವ ಕಡೀಕ ಏನರ ತಿಂದಿದ್ಲೇನೋ?"

"ಇಲ್ಲಣ್ಣ. ನಿನ್ನ ಕೇಳಿದ್ಲು."

ಅಣ್ಣ ಹಗ್ಗ ಎಳೀಲಿಲ್ಲ. ಗಾಜು ಮತ್ತ ಮಬ್ಬಾತು. ನಾ ಗಾಡಿ ನಿಲ್ಲಿಸಿ, ಇಬ್ರದೂ ಅಳು ಮುಗಿಯೂತನಾ ಕಾದೆ.

ಮನಿ ಮುಂದ ಹೋದಾಗ ಮಂದಿ ನೆರದಿತ್ತು. ಸತ್ತಾಕಿಯ ತಂಗಿ, ಅವ್ರ ಚಿಗವ್ವ, ಎದಿ ಬಡ್ಕೊಳ್ಳಾಕತ್ತಿದ್ಲು. ಅಣ್ಣತಮ್ಮರು ಒಬ್ಬರ ಹೆಗಲ ಮ್ಯಾಲೆ ಒಬ್ಬರು ಕೈ ಹಾಕ್ಕೊಂಡು ಇಳದದ್ದು ನೋಡಿ ಆಕಿ ಅಳು ನಿಂತೇ ಹೋತು. ಅವ್ರನ್ನ ನೋಡಿದ್ಲು, ವೈಪರಿನಿಂದ ಎರಡೂ ಕಿಡಕಿಗೆ ಹೋದ ಹಗ್ಗ ನೋಡಿದ್ಲು, ಹೊಳ್ಳಿ ನನ್ನ ಕಡೆ ಬಂದ್ಲು.

"ಏನ್ ಡ್ರೈವರಪ್ಪ, ಇಷ್ಟು ವರ್ಷ ಎಲ್ಲಿ ಸತ್ತಿತ್ತು ನಿನ್ನ ಗಾಡಿ? ನಮ್ಮ ಅಕ್ಕ ಸಾಯೂಕಿಂತ ಮದ್ಲ ತರಬಾರದಿತ್ತೇನು?"